ಬಿ ವಿಂಗಿನ ಹನ್ನೊಂದು ಸಹಿಗಳು

ಪುಟ್ಟಿ, ಚಿನ್ನಿ,

ಮನೆಯಲ್ಲಿ ಕರೆಯುವ ಹೆಸರನ್ನೇ ಬರೆದಿದ್ದೇನೆ. ಶಾಲೆಯ ರಿಜಿಸ್ಟರಿನಲ್ಲಿರುವ ಹೆಸರು ಬರೆಯಲು ಹೋದರೆ ಬೇರೆ ಯಾರದೋ ಮನೆಯ ಮಕ್ಕಳಿಗೆ ಬರೆದಂತೆ ಸಂಕೋಚವಾಗುತ್ತದೆ. ಇದು ಪುಟ್ಟಿಯ ಕಾಲೇಜಿನ ವಿಶ್ವಕೋಶದ ಗಲಾಟೆಯ ವಿಷಯ. ಚಿನ್ನಿ, ಆ ವಾರ ನೀನು ಶಾಲೆಯ ಶಿಬಿರಕ್ಕೆ ಹೋಗಿದ್ದೆ. ಬಂದ ಮೇಲೆ ಅಕ್ಕ ಈ ಅಜ್ಜಿಯ ಕೂಡ ಮಾತಾಡದೆ ಇದ್ದದ್ದನ್ನು ನೋಡಿ, “ಆಯಿ, ಏನಾಯ್ತು?” ಎಂದು ಎರಡು ಸಲ ಕೇಳಿದೆ. ಏನೂ ಇಲ್ಲ ಎಂದೆ ನಾನು. ಪುಟ್ಟಿ, ನಿನಗೂ ಎಲ್ಲ ಗೊತ್ತಿಲ್ಲ. ಶನಿವಾರದಿಂದ ಬುಧವಾರದವರೆಗಿನ ಐದು ದಿನ ನಾನು ಏನು ಮಾಡುತ್ತಿದ್ದೆ ಎಂದು ನೀನು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಬಾಯಿಂದ ಹೇಳುವುದು ನನ್ನಿಂದ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಇರುವವರೆಗೆ ನಾವು ವಿಕ್ರೋಳಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ನೆಲದ ಮನೆ. ಹಿಂದಿನ ಬಾಗಿಲು ತೆರೆದರೆ ಒಂದು ಕಟ್ಟೆ, ಕಟ್ಟೆಯ ಮೇಲೆ ಕೂತರೆ ಆ ಕಡೆಯ ಈ ಕಡೆಯ ಹೆಂಗಸರು. ಅಜ್ಜ ಹೋದ ಮೇಲೆ ಆ ಮನೆ ಬಿಡಬೇಕಾಯಿತು. ನಿಮ್ಮ ಅಪ್ಪ ನನ್ನನ್ನು ಮಲಾಡಿನ ಈ ಏಳನೇ ಮಾಳಿಗೆಗೆ ಕರೆದುಕೊಂಡು ಬಂದ. ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ; ಒಳಗೆ ಐದು ಜನ. ಹಾಲಿನ ದಿವಾನದ ಮೇಲೆ ನನ್ನ ಹಾಸಿಗೆ. ನಾನು ದೂರುತ್ತಿಲ್ಲ, ಮುಂಬಯಿಯಲ್ಲಿ ಇಷ್ಟು ಸಿಕ್ಕರೆ ದೊಡ್ಡದು. ಆದರೆ ಹಾಲ್ ಎಂದರೆ ಎಲ್ಲರೂ ದಾಟುವ ಜಾಗ. ಅಳಬೇಕಾದರೂ ಬಚ್ಚಲಿಗೆ ಹೋಗಬೇಕು. ಇಲ್ಲಿ ಬಂದ ಹೊಸದರಲ್ಲಿ ಒಮ್ಮೆ ಕೊತ್ತಂಬರಿ ತರಲು ಇಳಿದು, ವಾಪಸ್ಸು ಬರುವಾಗ ಬೇರೆ ಬಿಲ್ಡಿಂಗಿನ ಲಿಫ್ಟ್ ಹತ್ತಿ, ಯಾರದೋ ಏಳನೇ ಮಾಳಿಗೆಯ ಬಾಗಿಲು ತಟ್ಟಿದ್ದೆ. ಅಂದಿನಿಂದ ನಿಮ್ಮ ತಾಯಿ, “ಅತ್ತಿ, ನೀವು ಒಬ್ಬರ ಇಳಿಯೂದು ಬ್ಯಾಡ್ರಿ,” ಎಂದಳು. ಪ್ರೀತಿಯಿಂದಲೇ ಹೇಳಿದಳು. ನಾನೂ ಇಳಿಯಲಿಲ್ಲ. ಹೀಗೆ ವರ್ಷಗಳಾದವು.

ಶುಕ್ರವಾರ ಸಂಜೆ ಒಂಬತ್ತನೇ ಮಾಳಿಗೆಯಲ್ಲಿ ಭಜನೆ. ಅದು ಒಂದೇ ನನ್ನ ಹೊರಗಿನ ಲೋಕ. ಎರಡು ಮಾಳಿಗೆ ಮೇಲೆ. ಬೆಳಗಾವಿ, ಧಾರವಾಡ, ನಮ್ಮ ವಿಜಯಪುರದ ಕಡೆಯ ಹೆಂಗಸರು ಹನ್ನೆರಡು ಹದಿಮೂರು ಜನ ಸೇರುತ್ತೇವೆ. ಆ ಮನೆಯಾಕೆಯನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತೇವೆ; ಸೊಸೈಟಿಯ ಕಮಿಟಿಯಲ್ಲಿದ್ದಾರೆ, ಗಟ್ಟಿ ಹೆಂಗಸು. ನಾನು ಗೋಡೆಗೆ ಒರಗಿ ಹಿಂದೆ ಕೂತು, ಉಳಿದವರು ಹಾಡಿದ್ದನ್ನು ಮೆಲ್ಲಗೆ ಹಾಡುವವಳು.

ಇನ್ನು ಪುಟ್ಟಿಯ ವಿಷಯ. ಪಾರ್ಲೆಯ ಕಾಲೇಜಿನಲ್ಲಿ ಅವಳಿಗೆ ಒಂದು ಪ್ರಾಜೆಕ್ಟ್ ಬಂತು. ಎಲ್ಲರೂ ಸೇರಿ ಬರೆಯುವ ಒಂದು ವಿಶ್ವಕೋಶ ಫೋನಿನಲ್ಲೇ ಇದೆಯಲ್ಲ, ಅದರಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಮಾತಿನಲ್ಲಿ ಒಂದು ಲೇಖನ ಬರೆಯಬೇಕು. ಇಬ್ಬಿಬ್ಬರ ಜೋಡಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬೇಕು. ಪುಟ್ಟಿಯ ಜೋಡಿ ಒಬ್ಬ ತುಳು ಮನೆಯ ಹುಡುಗಿ, ಪಾರ್ಲೆಯವಳೇ. ಪುಟ್ಟಿಗೆ ಕಾಲೇಜಿನಲ್ಲಿ ಇದ್ದ ಒಬ್ಬಳೇ ಗೆಳತಿ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಬಂದು, “ಅಜ್ಜಿ, ಖಾರದ ಅವಲಕ್ಕಿ ಉಂಟಾ?” ಎಂದು ಕೇಳುವಷ್ಟು ಸಲಿಗೆ.

ಒಂದು ಭಾನುವಾರ ಬೆಳಿಗ್ಗೆ ಆ ಪ್ರಾಜೆಕ್ಟಿನ ಸರ್ ಲ್ಯಾಪ್‌ಟಾಪಿನಲ್ಲಿ ಪಾಠ ಮಾಡುತ್ತಿದ್ದರು. ಅರ್ಧ ಹಿಂದಿ, ಅರ್ಧ ಇಂಗ್ಲಿಷ್, ನಡುವೆ ಕನ್ನಡ. ಪಾಠ ನಡೆಯುತ್ತಿದ್ದದ್ದು ಹಾಲಿನಲ್ಲಿ, ಅಂದರೆ ನನ್ನ ಹಾಸಿಗೆಯ ಮೇಲೆ. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತ ಕೇಳುತ್ತಿದ್ದೆ. ಹೊಸದಾಗಿ ಬರೆಯುವವರು ಮೊದಲು ಪ್ರಯೋಗಪುಟದಲ್ಲಿ ಬರೆಯಬೇಕು. ಅಲ್ಲಿ ತಪ್ಪಾದರೆ ಯಾರೂ ಬೈಯುವುದಿಲ್ಲ. ಬರೆದ ಪ್ರತಿ ಮಾತಿಗೂ ಅದು ಎಲ್ಲಿ ಅಚ್ಚಾಗಿದೆ ಎಂದು ಉಲ್ಲೇಖ ಕೊಡಬೇಕು. ಜಗಳವಿದ್ದರೆ ಚರ್ಚೆ ಪುಟದಲ್ಲಿ ಆಡಬೇಕು. ಮತ್ತೆ ಇತಿಹಾಸ ಎಂದು ಒಂದಿದೆ, ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು, ಎಲ್ಲ ಅಲ್ಲಿ ಉಳಿಯುತ್ತದೆ. ನಮ್ಮ ಊರ ಶಾಲೆಯಲ್ಲಿ ನಾನು ಏಳನೇ ಇಯತ್ತೆಯವರೆಗೆ ಓದಿದವಳು. ಪಾಟಿಯ ಮೇಲೆ ಬರೆದು ಉಗುಳು ಹಚ್ಚಿ ಒರೆಸಿದರೆ ಮುಗಿಯಿತು. ಒರೆಸಿದ್ದೂ ಉಳಿಯುತ್ತದೆ ಎನ್ನುವುದು ನನಗೆ ಸೋಜಿಗವಾಗಿತ್ತು.

ಪುಟ್ಟಿಗೆ ವಿಷಯ ಸಿಗುತ್ತಿರಲಿಲ್ಲ. ಅವಳು ಕನ್ನಡ ಓದುವುದನ್ನು ನನ್ನಿಂದ ಕಲಿತವಳು, ಮಾತಾಡುವಾಗ ತಡವರಿಸುತ್ತಾಳೆ. ಹಾಸಿಗೆಯ ಮೇಲೆ ಹಾಸಿದ್ದ ನನ್ನ ಹಳೆಯ ಕೌದಿಯ ಮೇಲೆ ಉರುಳಾಡುತ್ತ, “ಆಯಿ, ಇದರ ಮೇಲೆ ಬರೀಲಾ?” ಎಂದಳು. ನೋಡಿದರೆ ಕೌದಿಯ ಬಗ್ಗೆ ಮೊದಲೇ ಒಂದು ಪುಟ ಇತ್ತು. ಆಗ ನಾನು, “ಕೌದಿಗೆ ಉಣಿಸೂದು ಅದರಾಗ ಬರದಾರೇನು ನೋಡು,” ಎಂದೆ. ಬರೆದಿರಲಿಲ್ಲ.

“ಉಣಿಸೋದು ಅಂದ್ರೆ? ಕೌದಿ ಖಾನಾ ಖಾತೀ ಹೈ ಕ್ಯಾ?” ಎಂದು ನಕ್ಕಳು.

ಹೇಳಿದೆ. ನಮ್ಮ ಓಣಿಯಲ್ಲಿ ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ ನಾಲ್ಕು ಜನ ನಾಲ್ಕು ಅಂಚಿಗೆ ಕೂತು ಹೊಲಿಯುತ್ತ ನಡುವಿಗೆ ಬರುತ್ತಿದ್ದೆವು. ಕೊನೆಗೆ ನಡುವೆ ಒಂದು ಗೇಣಿನಷ್ಟು ಬಾಯಿ ಉಳಿಯುತ್ತದೆ. ಅದನ್ನು ಮುಚ್ಚುವ ಮೊದಲು ಒಂದು ಚೂರು ಒಣ ರೊಟ್ಟಿ, ಒಂದು ಚೂರು ಬೆಲ್ಲ ಒಳಗೆ ಇಡಬೇಕು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದರು. ರೊಟ್ಟಿ ಇಡುವವಳು ಆ ಮನೆಯವಳು ಆಗಿರಬಾರದು, ಹೊಲಿಯಲು ಬಂದವರಲ್ಲಿ ಎಲ್ಲರಿಗಿಂತ ಚಿಕ್ಕವಳು ಇಡಬೇಕು. ನಾನು ಎಂಟು ವರ್ಷದವಳಿದ್ದಾಗ ಮೊದಲ ಸಲ ಇಟ್ಟಿದ್ದೆ. ಇಡುವಾಗ ಅರ್ಧ ಬೆಲ್ಲ ಬಾಯಿಗೆ ಹಾಕಿಕೊಂಡಿದ್ದೆ. ಅದನ್ನು ಮಾತ್ರ ಬರೆಯಬೇಡ ಎಂದೆ.

ಎರಡು ವಾರ ನಾನು ಹೇಳಿದೆ, ಅವಳು ಟೈಪ್ ಮಾಡಿದಳು. ನನ್ನ ಮಾತನ್ನು ಯಾರಾದರೂ ಹಾಗೆ ಬರೆದುಕೊಂಡದ್ದು ಅದೇ ಮೊದಲು. ಗೆಳತಿ ಬಂದು ತಿದ್ದಿದಳು. ಪುಟ ಹೊರಗೆ ಬಂತು. ನನ್ನ ಹಳೆಯ ಟ್ಯಾಬಿನಲ್ಲಿ ಅದನ್ನು ತೆರೆದಿಟ್ಟುಕೊಂಡು ಮಧ್ಯಾಹ್ನ ಯಾರೂ ಇಲ್ಲದಾಗ ಎಷ್ಟು ಸಲ ಓದಿದೆನೋ. ಓಣಿ, ಕಟ್ಟೆ, ಸೂಜಿ, ನಮ್ಮವ್ವನ ಕೈ, ಎಲ್ಲ ಅದರಲ್ಲಿತ್ತು. ಈ ಏಳನೇ ಮಾಳಿಗೆಯಿಂದ ನನ್ನದು ಏನೋ ಒಂದು ಹೊರಗೆ ಹೋಗಿದೆ ಅನ್ನಿಸಿತು.

ಒಂದು ಬುಧವಾರ ಆ ಪುಟದ ನೆತ್ತಿಯ ಮೇಲೆ ಒಂದು ಚೌಕಟ್ಟು ಬಂತು. ಈ ಲೇಖನದಲ್ಲಿ ಹೇಳಿದ್ದಕ್ಕೆ ಯಾವ ಆಧಾರವೂ ಇಲ್ಲ, ಅಳಿಸಬೇಕೆಂದು ಸೂಚಿಸಲಾಗಿದೆ, ಒಂದು ವಾರದೊಳಗೆ ಚರ್ಚೆಯಲ್ಲಿ ಅಭಿಪ್ರಾಯ ತಿಳಿಸಿ ಎಂದಿತ್ತು. ಪುಟ್ಟಿ ಸರ್‌ಗೆ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಅವರು ಸಮಾಧಾನವಾಗಿಯೇ ಹೇಳಿದರು. “ನಿಮ್ಮ ಅಜ್ಜಿ ಹೇಳಿದ್ದು ನಿಜಾನೇ ಇರಬಹುದಮ್ಮ. ಆದರೆ ಓದೋನು ಹೋಗಿ ನೋಡಿಕೊಳ್ಳೋದಕ್ಕೆ ಆಗಬೇಕಲ್ಲ? ನಿಮ್ಮ ಅಜ್ಜಿನ ಹುಡುಕ್ಕೊಂಡು ಮಲಾಡಿಗೆ ಬರ್ತಾನಾ? ಒಂದು ಪುಸ್ತಕ, ಒಂದು ಪತ್ರಿಕೆ ಏನಾದರೂ ಹುಡುಕಿ. ಇನ್ನೊಂದು ಮಾತು, ಇದು ತಲೆ ಎಣಿಸೋ ಚರ್ಚೆ ಅಲ್ಲ. ಕಾರಣ ನೋಡ್ತಾರೆ, ಎಷ್ಟು ಜನ ಅಂತ ನೋಡಲ್ಲ.”

ಪಕ್ಕದಲ್ಲಿ ಕೂತಿದ್ದ ಗೆಳತಿ ಫೋನ್ ಇಟ್ಟ ಮೇಲೆ, “ಬಿಡು ಮಾರಾಯ್ತಿ, ನಮ್ಮ ಕ್ಲಾಸ್ ಗ್ರೂಪಿನಿಂದ ಇಪ್ಪತ್ತು ವೋಟ್ ಹಾಕಿಸ್ತೇನೆ,” ಎಂದು ನಕ್ಕಳು. ಪುಟ್ಟಿ, “ಪಾಗಲ್ ಹೈ ಕ್ಯಾ,” ಎಂದು ಅವಳ ತಲೆಗೆ ಮೊಟಕಿದಳು.

ತಲೆ ಎಣಿಸುವುದಿಲ್ಲ ಎಂದು ಸರ್ ಹೇಳಿದ್ದನ್ನು ನಾನೂ ಸ್ಪಷ್ಟವಾಗಿ ಕೇಳಿದ್ದೆ. ನಂಬಲಿಲ್ಲ. ಮುಂಬಯಿಗೆ ಬಂದು ನಲವತ್ತು ವರ್ಷ. ಕ್ವಾರ್ಟರ್ಸಿನಲ್ಲಿ ನೀರು ಬರದಿದ್ದಾಗ, ಗಟಾರು ತುಂಬಿದಾಗ, ಇಲ್ಲಿ ಲಿಫ್ಟ್ ಕೆಟ್ಟಾಗ, ನಾನು ಕಂಡದ್ದು ಒಂದೇ: ಒಂದು ಅರ್ಜಿ, ಅದರ ಕೆಳಗೆ ಸಹಿ, ಸಹಿಯ ಮುಂದೆ ಮನೆ ನಂಬರ್. ನಾಲ್ಕು ಸಹಿ ಇದ್ದ ಅರ್ಜಿ ಮೂಲೆಗೆ ಬೀಳುತ್ತದೆ, ನಲವತ್ತು ಸಹಿ ಇದ್ದರೆ ಪ್ಲಂಬರ್ ಬರುತ್ತಾನೆ. ಎಲ್ಲ ಕಚೇರಿಯವರೂ ನಿಮ್ಮ ಕಾರಣ ನೋಡುತ್ತೇವೆ ಎಂದೇ ಹೇಳುತ್ತಾರೆ; ಆಮೇಲೆ ಹಾಳೆ ತಿರುವಿ ಸಹಿ ಎಣಿಸುತ್ತಾರೆ. ಇದೂ ಹಾಗೆಯೇ ಎಂದುಕೊಂಡೆ.

ಶುಕ್ರವಾರ ಭಜನೆ ಮುಗಿದು ಪ್ರಸಾದ ಹಂಚುವಾಗ ವೈನಿ, “ಯಾಕ್ರೀ, ಮಾರಿ ಸಣ್ಣ ಮಾಡ್ಕೊಂಡು ಕುಂತೀರಿ?” ಎಂದರು. ಹೇಳಿದೆ. ಅಷ್ಟು ಮಾತು ನಾನು ಆ ಮನೆಯಲ್ಲಿ ಎಂದೂ ಆಡಿರಲಿಲ್ಲ.

“ಕೌದಿಗೆ ಉಣಿಸೂದು ಸುಳ್ಳಂತ?” ಎಂದು ಬೆಳಗಾವಿಯ ಅಜ್ಜಿಯೊಬ್ಬರು ಎದ್ದು ಕೂತರು. “ನಮ್ಮ ಕಡೆ ಅಕ್ಕಿ ಕಾಳ ಇಡತಿದ್ರು. ಆದ್ರ ಇಡತಿದ್ರು ಖರೆ. ಎಲ್ಲಿ ಐತಿ ಅರ್ಜಿ, ತರ್ರಿ, ಹೆಬ್ಬೆಟ್ಟ ಒತ್ತತೀನಿ.”

“ಹೆಬ್ಬೆಟ್ಟ ಅಲ್ರೀ, ಅಕೌಂಟ್ ತಗೀಬೇಕು,” ಎಂದರು ವೈನಿ. ಅವರಿಗೆ ಇಂಥದ್ದೆಲ್ಲ ಗೊತ್ತು. “ಟ್ಯಾಬ್ ತರ್ರಿ.”

ನಾನೇ ಇಳಿದು ಹೋಗಿ ತಂದೆ. ಆದರೆ ಅವರ ಮನೆಯ ವೈಫೈ ಅಂದು ನಡೆಯುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಮೆಟ್ಟಿಲಿಳಿದು ನಮ್ಮ ಹಾಲಿಗೆ ಬಂದರು. ಮನೆಯಲ್ಲಿ ಯಾರೂ ಇರಲಿಲ್ಲ. ವೈನಿ ನನ್ನ ದಿವಾನದ ಮೇಲೆ ಕೂತು ಒಬ್ಬೊಬ್ಬರನ್ನೇ ಕರೆದರು. ಖಾತೆಗಳಿಗೆ ಹೆಸರು: ಕೌದಿ ಒಂದು, ಕೌದಿ ಎರಡು, ಹೀಗೆ ಹನ್ನೊಂದರವರೆಗೆ. ಪಾಸ್‌ವರ್ಡ್ ಎಲ್ಲರದೂ ಒಂದೇ, ಮರೆಯಬಾರದೆಂದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು. ಚರ್ಚೆಯಲ್ಲಿ ಹಾಕುವ ಸಾಲೂ ಒಂದೇ: “ಈ ಲೇಖನಕ್ಕೆ ನಮ್ಮ ಸಂಪೂರ್ಣ ಬೆಂಬಲವಿದೆ. ಅಳಿಸಬಾರದು.” ಅದರ ಮುಂದೆ, ಸೊಸೈಟಿಯ ಅರ್ಜಿಗೆ ಹಾಕುವಂತೆ, ಮನೆ ನಂಬರ್. ಬಿ ವಿಂಗ್ 903. ಬಿ ವಿಂಗ್ 501. ಬಿ ವಿಂಗ್ 1104. ಹನ್ನೊಂದು ಜನರಲ್ಲಿ ನಾಲ್ವರಿಗೆ ಕನ್ನಡ ಓದಲು ಬರುವುದಿಲ್ಲ, ಇಲ್ಲೇ ಮರಾಠಿ ಶಾಲೆಗೆ ಹೋದವರು. ಅವರು ಬೆರಳಿಟ್ಟು ಒತ್ತಿದರು. ಎಲ್ಲರಿಗೂ ಚಹಾ ಮಾಡಿದೆ. ನಮ್ಮ ಮನೆಯಲ್ಲಿ ನನ್ನ ಸಲುವಾಗಿ ಅಷ್ಟು ಜನ ಬಂದು ಕೂತದ್ದು ಅಂದೇ. ನನಗೆ ಹಿಗ್ಗಾಗಿತ್ತು, ಮಕ್ಕಳೇ, ಸುಳ್ಳು ಹೇಳುವುದಿಲ್ಲ.

ಪುಟ್ಟಿಗೆ ಹೇಳಬೇಡಿ ಎಂದೆ. ತಾನಾಗಿ ಕಂಡು ಖುಷಿಪಡಲಿ ಎಂದು.

ಶನಿವಾರ ಮಧ್ಯಾಹ್ನ ಪುಟ್ಟಿ ಲ್ಯಾಪ್‌ಟಾಪ್ ತೆರೆದಳು. ಅವಳ ಖಾತೆಯನ್ನು ತಡೆಹಿಡಿದಿದ್ದರು. ಒಬ್ಬರೇ ಹಲವು ಖಾತೆ ತೆರೆದು ಚರ್ಚೆಯ ದಿಕ್ಕು ತಪ್ಪಿಸಿದ್ದಾರೆ, ಎಲ್ಲವೂ ಒಂದೇ ಸಂಪರ್ಕದಿಂದ ಬಂದಿವೆ ಎಂದು ಅವಳ ಪುಟದಲ್ಲಿ ಬರೆದಿದ್ದರು. ಕೌದಿ ಒಂದರಿಂದ ಹನ್ನೊಂದರವರೆಗೆ ಎಲ್ಲವನ್ನೂ ಮುಚ್ಚಿದ್ದರು. ಚರ್ಚೆಯಲ್ಲಿ ಆ ಹನ್ನೊಂದು ಸಾಲುಗಳಿದ್ದ ಕಡೆ ಬರೀ ಅಡ್ಡಗೆರೆ: ಖಾಸಗಿ ವಿಳಾಸ ಇದ್ದುದರಿಂದ ಮರೆಮಾಡಲಾಗಿದೆ ಎಂದು.

“ಮೇರಾ ಅಡ್ರೆಸ್,” ಎಂದಳು ಪುಟ್ಟಿ. “ಆಯಿ, ಒಂದೇ ಕನೆಕ್ಷನ್ ಅಂದ್ರೆ ನಮ್ಮ ವೈಫೈ, ಹಾಗಾದ್ರೆ ಅಡ್ರೆಸ್ಸೂ ನಮ್ಮದೇ ಹಾಕಿದಾರೆ ಯಾರೋ. ನಾನೇ ಹನ್ನೊಂದು ಫೇಕ್ ಅಕೌಂಟ್ ಮಾಡಿದೀನಿ ಅಂತ ಬರೆದಿದಾರೆ. ಸರ್ ನೋಡ್ತಾರೆ. ಎಲ್ಲಾ ನೋಡ್ತಾರೆ.”

ನಿಮ್ಮ ತಾಯಿ ಒಳಗಿನಿಂದ ಬಂದು, “ಏನಾಗ್ತದ ಅದರಿಂದ?” ಎಂದಳು.

“ಅಕೌಂಟ್ ಬ್ಲಾಕ್ ಇದ್ರೆ ಪ್ರಾಜೆಕ್ಟ್ ಝೀರೋ ಮಮ್ಮೀ. ಆ ಪೇಪರಲ್ಲಿ ಫೇಲ್ ಆಗ್ತೀನಿ. ಮತ್ತೆ ಎಲ್ಲರೂ ನನ್ನನ್ನ ಚೀಟರ್ ಅಂತಾರೆ.”

ಆಗಲೇ ಹೇಳಬೇಕಿತ್ತು. ನಾನು ಕುಕ್ಕರಿನ ಮುಂದೆ ನಿಂತಿದ್ದೆ, ನಾಲ್ಕು ಹೆಜ್ಜೆ ದೂರ. ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟಿ, “ನನಗೆ ಗೊತ್ತು ಯಾರು ಅಂತ,” ಎಂದಳು. ವೋಟ್ ಹಾಕಿಸುತ್ತೇನೆ ಎಂದು ನಕ್ಕವಳು. ನಮ್ಮ ಮನೆಯ ವೈಫೈಯ ಪಾಸ್‌ವರ್ಡ್ ಗೊತ್ತಿದ್ದವಳು. ವಿಳಾಸ ಗೊತ್ತಿದ್ದವಳು. ಕೌದಿ ಎಂದು ಹೆಸರಿಡುವ ಹುಡುಗಾಟಿಕೆ ಇದ್ದವಳು. ಎಲ್ಲ ಸರಿಯಾಗಿ ಕೂಡುತ್ತಿತ್ತು. ನನ್ನ ಬಾಯಿ ಮುಚ್ಚಿಕೊಂಡಿತು. ಮುಚ್ಚಿದ್ದು ಐದು ದಿನ ತೆರೆಯಲಿಲ್ಲ.

ಆ ಐದು ದಿನಗಳನ್ನು ಹೇಗೆ ಹೇಳಲಿ? ಇಂಥ ಮನೆಯಲ್ಲಿ ಗುಟ್ಟು ಇಟ್ಟುಕೊಂಡು ಬದುಕುವುದಕ್ಕೆ ಜಾಗವಿಲ್ಲ. ಕೂತರೆ ಪುಟ್ಟಿ ಎದುರು, ಎದ್ದರೆ ನಿಮ್ಮ ತಾಯಿ ಎದುರು. ಗ್ಯಾಲರಿಗೆ ಹೋಗಿ ನಿಂತರೆ ಗ್ರಿಲ್ಲು, ಗ್ರಿಲ್ಲಿಗೆ ಒಣಹಾಕಿದ ಬಟ್ಟೆ, ಬಟ್ಟೆಯ ಆಚೆ ಎ ವಿಂಗಿನ ಗ್ರಿಲ್ಲು. ಬಾಗಿಲು ತೆರೆದು ಇಳಿದುಬಿಡೋಣ ಎಂದರೆ ಇಳಿದು ಹೋಗುವುದೆಲ್ಲಿಗೆ? ವಿಕ್ರೋಳಿಯ ಕಟ್ಟೆಯ ಮೇಲೆ ಈಗ ಬೇರೆಯವರು ಕೂತಿರುತ್ತಾರೆ. ಪುಟ್ಟಿಯ ತಟ್ಟೆಗೆ ರೊಟ್ಟಿ ಹಾಕುವಾಗ ಕೈ ತಪ್ಪಿ ಕೆಳಗೆ ಬಿತ್ತು. “ಆಯಿ, ಹುಷಾರಿಲ್ಲೇನು?” ಎಂದು ಅವಳೇ ನನ್ನ ಹಣೆ ಮುಟ್ಟಿ ನೋಡಿದಳು. ಅವಳು ಹಾಗೆ ಮುಟ್ಟದೆ ಬೈದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

ವೈನಿಗೆ ಫೋನ್ ಮಾಡಬೇಕಿತ್ತು, ಮಾತು ಎಲ್ಲರಿಗೂ ಕೇಳಿಸುತ್ತದೆ. ಭಾನುವಾರ ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನಳ ಬಿಟ್ಟು, ಆ ಸದ್ದಿನಲ್ಲಿ ಮಾತಾಡಿದೆ.

“ಏನದು ಸಪ್ಪಳ? ಎಲ್ಲಿಂದ ಮಾತಾಡಾಕತ್ತೀರಿ?” ಎಂದರು ವೈನಿ.

“ಬಚ್ಚಲದಾಗಿಂದ. ವೈನಿ, ಹುಡುಗಿ ಅಕೌಂಟ್ ಬಂದ್ ಮಾಡ್ಯಾರ. ನಾವು ಮಾಡಿದ್ದಕ್ಕ.”

“ನಾವೇನ್ ತಪ್ಪ ಮಾಡೀವ್ರೀ? ಹನ್ನೊಂದ ಮಂದಿ ಇದ್ದದ್ದು ಖರೆ, ಮನಿ ನಂಬರ್ ಖರೆ. ನೀವು ಸುಮ್ಮನಿರ್ರಿ. ಎರಡ ದಿನಕ್ಕ ತಣ್ಣಗಾಗ್ತದ.”

“ಗೆಳತಿ ಮ್ಯಾಲ ಹೋಗೇತ್ರಿ ಸಂಶೇ.”

“ಹುಡುಗ್ಯಾರ ಜಗಳ. ನಾಳೆ ಕೂಡತಾರ. ನೀವ್ ಈಗ ಹೇಳಿದ್ರ ಸೊಸಿ ಮುಂದ ನಿಮ್ಮ ಮಾರಿ ಏನಾಗ್ತದ, ವಿಚಾರ ಮಾಡ್ರಿ. ಟ್ಯಾಬ್ ಕಸಗೋತಾರ. ಭಜನಿಗೂ ಕಳಸೂದಿಲ್ಲ.”

ಬಕೆಟ್ ತುಂಬಿ ಹರಿಯಿತು. ಹೊರಗಿನಿಂದ ನಿಮ್ಮ ತಾಯಿ, “ಅತ್ತಿ, ನೀರು,” ಎಂದು ಬಾಗಿಲು ತಟ್ಟಿದಳು. ವೈನಿ ಹೇಳಿದ್ದರಲ್ಲಿ ಭಜನೆಯ ಮಾತು ನನ್ನ ಎದೆಗೆ ನಾಟಿತ್ತು. ಎರಡು ಮಾಳಿಗೆ ಮೇಲಿನ ಆ ಒಂದು ಗಂಟೆಯನ್ನು ಕಳೆದುಕೊಳ್ಳುವ ಹೆದರಿಕೆಯಿಂದ ನಾನು ಒಂದು ಹುಡುಗಿಯ ಹೆಸರು ಕೆಡಲು ಬಿಟ್ಟೆ. ಪುಟ್ಟಿ, ನಿನಗೆ ಗೊತ್ತಿರದ ಮಾತು ಇದೇ. ಮುದುಕಿಗೆ ತಿಳಿಯಲಿಲ್ಲ ಎಂದು ನೀನು ಆಮೇಲೆ ನಿನ್ನ ಅಪ್ಪನ ಮುಂದೆ ನನ್ನ ಪರ ಹೇಳಿದೆ. ಶುಕ್ರವಾರ ತಿಳಿದಿರಲಿಲ್ಲ, ನಿಜ. ಶನಿವಾರದಿಂದ ನನಗೆ ಎಲ್ಲ ತಿಳಿದಿತ್ತು.

ಸೋಮವಾರ ಕಾಲೇಜಿನಲ್ಲಿ ಎಲ್ಲರ ಎದುರು ನೀನು ಅವಳ ಕೂಡ ಜಗಳ ಮಾಡಿ ಬಂದೆ. ಮಂಗಳವಾರ ಸರ್, ವಾರದೊಳಗೆ ವಿವರಣೆ ಕೊಡದಿದ್ದರೆ ನಾನೇನೂ ಮಾಡಲಾರೆ ಎಂದರು. ಬುಧವಾರ ಮಧ್ಯಾಹ್ನ ನಾನು ಒಬ್ಬಳೇ ಇದ್ದಾಗ ಬೆಲ್ ಆಯಿತು. ಆ ಹುಡುಗಿ ನಿಂತಿದ್ದಳು. ಚಪ್ಪಲಿ ಬಿಡಲಿಲ್ಲ. ಪುಟ್ಟಿಯ ಎರಡು ನೋಟ್‌ಬುಕ್ಕು, ಒಂದು ಜಾಕೆಟ್ ಚೀಲದಲ್ಲಿ ತಂದಿದ್ದಳು.

“ಒಳಗ ಬಾ,” ಎಂದೆ.

“ಬೇಡ ಅಜ್ಜಿ.” ಚೀಲ ಕೊಟ್ಟಳು. “ಅವಳಿಗೆ ಹೇಳಿ, ನಾನು ಮಾಡ್ಲಿಲ್ಲ. ನೀವಾದ್ರೂ ನಂಬ್ತೀರಲ್ಲ?”

ನಾನು ಹೌದು ಎಂದು ತಲೆಯಾಡಿಸಿದೆ. ನಂಬುತ್ತೇನೆ ಎಂದು. ಮಾಡಿದವಳೇ ನಾನು, ಅವಳು ಮಾಡಿಲ್ಲ ಎಂದು ನಂಬುತ್ತೇನೆ ಎಂದು ತಲೆಯಾಡಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. “ಥ್ಯಾಂಕ್ಯೂ ಅಜ್ಜಿ,” ಎಂದು ನನ್ನ ಕೈ ಹಿಡಿದು ಬಿಟ್ಟು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದಳು. ಅವಳ ಚಪ್ಪಲಿಯ ಸದ್ದು ಏಳು ಮಾಳಿಗೆ ಇಳಿಯುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಕೂಗಿ ಕರೆಯಬಹುದಿತ್ತು. ಆರನೇ ಮಾಳಿಗೆ, ಐದನೇ ಮಾಳಿಗೆ, ಆಗಲೂ ಕರೆಯಬಹುದಿತ್ತು.

ಸಂಜೆ ಪುಟ್ಟಿ, ನಿಮ್ಮ ತಾಯಿ ಇಬ್ಬರೂ ಬಂದು ಕೂತ ಮೇಲೆ ಕ್ಯಾಲೆಂಡರ್ ಗೋಡೆಯಿಂದ ತೆಗೆದು ತಿರುಗಿಸಿ ಪುಟ್ಟಿಯ ಮುಂದೆ ಇಟ್ಟೆ. ಕೌದಿ ಒಂದರಿಂದ ಹನ್ನೊಂದು, ಕೆಳಗೆ ಪಾಸ್‌ವರ್ಡ್, ವೈನಿಯ ಅಕ್ಷರ.

ಪುಟ್ಟಿ ಓದಿದಳು. “ಯೇ ಕ್ಯಾ ಹೈ?” ಎಂದಳು. ಮತ್ತೆ ಓದಿದಳು.

“ಭಜನಿಯವ್ರು,” ಎಂದೆ. “ನಾ ಕರಕೊಂಡು ಬಂದಿದ್ದೆ. ನಿನ್ನ ಪುಟ ಉಳೀಲಿ ಅಂತ.”

ನಿಮ್ಮ ತಾಯಿ ನಗಲು ಹೋಗಿ, ಪುಟ್ಟಿಯ ಮುಖ ನೋಡಿ ನಿಲ್ಲಿಸಿದಳು. ಪುಟ್ಟಿ ಕೂಗಾಡಲಿಲ್ಲ. “ಶನಿವಾರ ನೀನು ಇಲ್ಲೇ ಇದ್ದೆಯಲ್ಲ ಆಯಿ,” ಎಂದಳು. “ಇಲ್ಲೇ ನಿಂತಿದ್ದೆ.” ಆಮೇಲೆ ಲ್ಯಾಪ್‌ಟಾಪ್ ತಂದು ನನ್ನ ತೊಡೆಯ ಮೇಲಿಟ್ಟಳು. ತಡೆಹಿಡಿದವರು ತಮ್ಮ ಸ್ವಂತ ಚರ್ಚೆ ಪುಟದಲ್ಲಿ ಮಾತ್ರ ಬರೆಯಬಹುದಂತೆ, ಆ ಪುಟ ತೆರೆದಳು. “ನೀನೇ ಬರೀ. ನಾನು ಬರೆದ್ರೆ ಯಾರೂ ನಂಬಲ್ಲ.” ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆದೆ. ಎರಡು ವಾರ ಪುಟ್ಟಿ ಟೈಪ್ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿ ನೋಡಿ ಕೀಲಿಗಳು ಗೊತ್ತಾಗಿದ್ದವು. ಬರೆದದ್ದು ಇಷ್ಟು: ನಾನು ಈ ಖಾತೆಯ ಹುಡುಗಿಯ ಅಜ್ಜಿ. ಆ ಹನ್ನೊಂದು ಖಾತೆ ಅವಳು ತೆರೆದದ್ದಲ್ಲ, ಅವಳಿಗೆ ಗೊತ್ತೂ ಇರಲಿಲ್ಲ. ಅವಳ ಗೆಳತಿಯೂ ಅಲ್ಲ. ನಮ್ಮ ಬಿಲ್ಡಿಂಗಿನ ಹೆಂಗಸರು ನನ್ನ ಮಾತು ಕೇಳಿ ನಮ್ಮ ಮನೆಯಲ್ಲಿ ಕೂತು ಮಾಡಿದ್ದು. ಎಣಿಸುವುದಿಲ್ಲ ಎಂದು ಅವಳ ಸರ್ ಹೇಳಿದ್ದನ್ನು ನಾನು ಕೇಳಿದ್ದೆ, ನಂಬಲಿಲ್ಲ. ತಪ್ಪು ನನ್ನದು. ಪುಟ ಅಳಿಸಿದರೂ ಅಡ್ಡಿಯಿಲ್ಲ, ಹುಡುಗಿಯ ಖಾತೆ ಬಿಡಿಸಿ ಕೊಡಬೇಕು.

ಮನೆಯವರ ಮುಂದೆಯೇ ನಾಲ್ಕು ಮಾತು ನೆಟ್ಟಗೆ ಆಡದವಳು ಇಡೀ ಲೋಕ ಓದುವ ಕಡೆ ಬರೆದಿದ್ದೆ.

ಮಾರನೆಯ ದಿನ ಉತ್ತರ ಬಂತು. ಅಲ್ಲಿಯ ಮೇಲ್ವಿಚಾರಕರು, ಯಾರೋ ಏನೋ, ಯಾವ ಊರೋ, ಮೊದಲು ಒಂದು ಪ್ರಶ್ನೆ ಕೇಳಿದ್ದರು: “ಅಮ್ಮಾ, ಆ ಹನ್ನೊಂದು ಜನ ನಿಜವಾಗಿ ಇದ್ದಾರೆಯೇ?” ಇದ್ದಾರೆ, ಶುಕ್ರವಾರ ಭಜನೆಗೆ ಬರುತ್ತಾರೆ ಎಂದು ಬರೆದೆ. ಆಮೇಲೆ ಅವರು ವಿವರವಾಗಿ ಬರೆದರು: ಮನೆ ನಂಬರುಗಳನ್ನು ಕಂಡಾಗಲೇ ಇವರು ನಿಜವಾದ ಜನರೇ ಇರಬಹುದು ಎನ್ನಿಸಿತ್ತು, ಹೆಂಗಸರ ಮನೆಗಳ ವಿಳಾಸ ಎಲ್ಲರಿಗೂ ಕಾಣಬಾರದೆಂದು ಮರೆಮಾಡಿದೆ. ಸ್ನೇಹಿತರನ್ನು ಕರೆತಂದು ಒಂದೇ ಮಾತು ಹೇಳಿಸುವುದೂ ಇಲ್ಲಿ ತಪ್ಪೇ, ಒಬ್ಬರೇ ಹನ್ನೊಂದು ಹೆಸರಿಟ್ಟುಕೊಂಡಷ್ಟೇ ತಪ್ಪು. ಹುಡುಗಿಯ ಖಾತೆಯನ್ನು ಎಚ್ಚರಿಕೆ ಕೊಟ್ಟು ಬಿಡಿಸಿದ್ದೇನೆ. ಹನ್ನೊಂದು ಖಾತೆ ಮುಚ್ಚಿಯೇ ಇರುತ್ತವೆ. ಲೇಖನವನ್ನು ಅವಳ ಪ್ರಯೋಗಪುಟಕ್ಕೆ ಸರಿಸಿದ್ದೇನೆ. ಅಚ್ಚಾದ ಆಧಾರ ಸಿಕ್ಕ ದಿನ ಹೊರಗೆ ತರಬಹುದು. ಕೊನೆಗೆ, ನಮ್ಮ ಮನೆಯಲ್ಲಿ ಕೌದಿಗೆ ಎಳ್ಳು ಇಡುತ್ತಿದ್ದರು, ಆದರೆ ಅದನ್ನೂ ನಾನು ಬರೆಯುವಂತಿಲ್ಲ ಎಂದಿದ್ದರು.

ಪುಟ್ಟಿ, ನೀನು ಆಮೇಲೆ ಬೇರೆ ವಿಷಯ ಹಿಡಿದು, ಪುಸ್ತಕ ನೋಡಿ ನೋಡಿ ಒಂದು ಪುಟ ಬರೆದೆ. ಪೇಪರ್ ಉಳಿಯಿತು. ನಾಲ್ಕು ದಿನದ ಮೇಲೆ ನನ್ನ ಕೂಡ ಮಾತಾಡಿದೆ, ಅದೂ ಉಪ್ಪು ಕೇಳಲು. ಟ್ಯಾಬ್ ಯಾರೂ ಕಸಿದುಕೊಳ್ಳಲಿಲ್ಲ. ಭಜನೆಗೆ ಹೋಗಬೇಡಿ ಎಂದೂ ಯಾರೂ ಹೇಳಲಿಲ್ಲ. ಎರಡು ವಾರ ನಾನೇ ಹೋಗಲಿಲ್ಲ, ಮೂರನೇ ವಾರ ಹೋಗಿ ಹಿಂದಿನ ಜಾಗದಲ್ಲೇ ಕೂತೆ. ಆ ಪುಟ್ಟ ಸುಖಕ್ಕಾಗಿ ಹೆದರಿದ್ದೆ. ಅದಕ್ಕೆ ಏನೂ ಆಗಲಿಲ್ಲ.

ಆದದ್ದು ಆ ಹುಡುಗಿಗೆ. ನೀನು ಫೋನ್ ಮಾಡಿ ಸಾರಿ ಕೇಳಿದೆ. ಅವಳು, “ಇರಲಿ ಬಿಡು,” ಎಂದಳಂತೆ. ಸರ್‌ಗೆ ಹೇಳಿ ಜೋಡಿ ಬದಲಿಸಿಕೊಂಡಳು. ನಾನು ಅವಳ ಮನೆಗೆ ಹೋಗಿ ಮಾತಾಡಬೇಕು, ಪಾರ್ಲೆಗೆ ಕರೆದುಕೊಂಡು ಹೋಗು ಎಂದು ನಿನ್ನನ್ನು ಮೂರು ಸಲ ಕೇಳಿದೆ. “ಬೇಡ ಆಯಿ, ಆಕ್ವರ್ಡ್ ಆಗತ್ತೆ,” ಎಂದೆ ನೀನು. ಒಬ್ಬಳೇ ಹೋಗೋಣವೆಂದು ಒಂದು ಮಧ್ಯಾಹ್ನ ಸೀರೆ ಬದಲಿಸಿ ಚಪ್ಪಲಿ ಹಾಕಿಕೊಂಡು ಲಿಫ್ಟಿನವರೆಗೆ ಹೋದೆ. ಸ್ಟೇಷನ್ನಿಗೆ ಯಾವ ರಿಕ್ಷಾ, ಯಾವ ಕಡೆಯ ಲೋಕಲ್, ಇಳಿದ ಮೇಲೆ ಯಾವ ಗಲ್ಲಿ, ಒಂದೂ ಗೊತ್ತಿಲ್ಲ. ಅವಳ ಬಿಲ್ಡಿಂಗಿನ ಹೆಸರೂ ಗೊತ್ತಿಲ್ಲ. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಖಾಲಿ ಕೆಳಗೆ ಹೋಯಿತು. ಒಳಗೆ ಬಂದು ಸೀರೆ ಮಡಚಿ ಇಟ್ಟೆ.

ವಿಶ್ವಕೋಶದ ಇತಿಹಾಸದಲ್ಲಿ ಈಗಲೂ ಆ ಹನ್ನೊಂದು ಖಾತೆಗಳಿವೆ, ತೆರೆದರೆ ಕಾಣುತ್ತವೆ. ನಾನು ಬರೆದ ತಪ್ಪೊಪ್ಪಿಗೆಯೂ ಇದೆ. ಆದರೆ ಬುಧವಾರ ಮಧ್ಯಾಹ್ನ ಬಾಗಿಲಲ್ಲಿ ನಾನು ತಲೆಯಾಡಿಸಿದ್ದು ಎಲ್ಲಿಯೂ ದಾಖಲಾಗಿಲ್ಲ. ಅವಳಿಗೆ ಈಗ ಗೊತ್ತಾಗಿರುತ್ತದೆ, ತನ್ನಿಂದ ಕೈ ಹಿಡಿಸಿಕೊಂಡು ನಂಬುತ್ತೇನೆ ಎಂದು ತಲೆಯಾಡಿಸಿದವಳೇ ಮಾಡಿದವಳು ಎಂದು. ಅದನ್ನು ನೆನೆದರೆ ಈ ಹಾಲಿನ ನಾಲ್ಕು ಗೋಡೆ ಇನ್ನಷ್ಟು ಹತ್ತಿರ ಬರುತ್ತವೆ.

ಅದಕ್ಕೇ ಬರೆದೆ. ಈ ಹಾಳೆಗಳನ್ನು ಕಪಾಟಿನ ಕೆಳಗಿನ ಖಾನೆಯಲ್ಲಿ, ರೇಷನ್ ಕಾರ್ಡಿನ ಫೈಲಿನಲ್ಲಿ ಇಡುತ್ತೇನೆ. ಮೇಲಿನ ಮಾಳಿಗೆಯ ನೀರು ಸೋರಿದರೂ ಅಲ್ಲಿಗೆ ತಾಕುವುದಿಲ್ಲ. ಮನೆ ಬದಲಿಸುವಾಗ ರದ್ದಿಯವನಿಗೆ ಹೋಗದಂತೆ ನೋಡಿಕೊಳ್ಳಿ. ಪುಟ್ಟಿ, ಮುಂದೆ ಎಂದಾದರೂ, ನಿನ್ನ ಮದುವೆಗೋ, ದಾರಿಯಲ್ಲೋ, ಆ ಹುಡುಗಿ ಸಿಕ್ಕರೆ ಇದನ್ನು ಅವಳಿಗೆ ಓದಲು ಕೊಡು. ನಾನು ಇರಲಿ, ಇಲ್ಲದಿರಲಿ. ಅವಳು ಓದಿ ಹಿಂದಿರುಗಿಸಿದರೆ ಮತ್ತೆ ಇದ್ದಲ್ಲಿಯೇ ಇಡಿ.

ನಿಮ್ಮ ಆಯಿ